ಮೂರು ರಾತ್ರಿಯ ದಾರಿ

ಮಧು ಬಡಿಗೆ ಎತ್ತಿದ್ದನ್ನು ಸಾವಿರ ಜನ ಕಣ್ಣಾರೆ ಕಂಡರು. ಆಮೇಲೆ ಕೇಳಿದರೆ ಒಬ್ಬನೂ ಕಂಡಿರಲಿಲ್ಲ.

ದೀಪಾವಳಿ ಮುಗಿದರೆ ಸಾಕು, ರಾಣೆಬೆನ್ನೂರು ಸೀಮೆಯ ಊರೂರಿಗೂ ಹೋರಿಯ ಹುಚ್ಚು ಹತ್ತುತ್ತದೆ. ಆ ಶುಕ್ರವಾರ ಹಲಗೇರಿಯ ಸರದಿ. ಕೊರಳ ತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಓಣಿಗೆ ಬಿಡುತ್ತಾರೆ. ಎರಡೂ ಬದಿಗೆ ನಿಂತ ಹುಡುಗರು ಕೇಕೆ ಹಾಕಿ ಬೆದರಿಸಿ, ಅದರ ಮೈಮೇಲೆ ಬಿದ್ದು ಹಾರ ಹರಿಯಬೇಕು. ಹಾರ ಉಳಿಸಿಕೊಂಡು ಪಾರಾದ ಹೋರಿ ಗೆದ್ದಂತೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನ ಹೋರಿಗೆ ಜನ ಇಟ್ಟ ಹೆಸರು ಮೆಣಸಿನಕಾಯಿ ತಳಿಯದೇ: ‘ಬ್ಯಾಡಗಿ ಕಡ್ಡಿ’. ಸಪೂರ ಮೈ, ಖಾರ ಸಿಟ್ಟು. ಯಾವ ಊರಿನ ಗಂಡಸೂ ಅದರ ಕೊಬ್ಬರಿ ಮುಟ್ಟಿರಲಿಲ್ಲ. ಅವತ್ತು ಅದನ್ನು ಹಲಗೇರಿಗೆ ಹೊಡೆದುಕೊಂಡು ಬಂದವನು ಪ್ರಭುಲಿಂಗಪ್ಪನ ಒಬ್ಬನೇ ಮಗ ಮಧು. ಹೋರಿಗಿಂತ ಒಂದು ಕೈ ಮೇಲಾದ ಸಿಟ್ಟು ಅವನದು.

ಕಡ್ಡಿಗೆ ಕೈ ಹಾಕಿದವನು ಹೊರಗಿನವನಲ್ಲ. ಪ್ರಭುಲಿಂಗಪ್ಪನ ಒಡಹುಟ್ಟಿದ ತಂಗಿ ಗದಿಗೆವ್ವನ ಕಿರಿಮಗ ವಿಜಯಮಹಾಂತೇಶ. ಸೋದರಮಾವನ ಮನೆಯ ಹೋರಿ ಬಂದರೆ ಅಳಿಯನಾದವನು ಕೈಕಟ್ಟಿ ದಾರಿ ಬಿಡಬೇಕು, ಅದು ಆ ಮನೆತನಗಳಲ್ಲಿ ನಡೆದುಬಂದ ರೂಢಿ. ಆದರೆ ಗೆಳೆಯರು ಕೆಣಕಿದರು. ಮಾವನ ಹೋರಿಗೆ ಅಂಜಿದ ಎಂದು ಹಲ್ಲು ಕಿಸಿದರು. ಹುಡುಗನ ತಲೆ ಕೆಟ್ಟಿತು. ಹೋರಿಯ ಕೊರಳಿಗೆ ಜೋತುಬಿದ್ದು, ಮೊಣಕಾಲಿನ ಚರ್ಮ ಸುಲಿಯುವವರೆಗೆ ಎಳೆಸಿಕೊಂಡು, ಕೊನೆಗೂ ಹಾರ ಹರಿದ. ಹರಿದು ಸುಮ್ಮನಿದ್ದನೇ? ಅದನ್ನು ಮಧುವಿನ ಮುಖದ ಮುಂದೆ ಹಿಡಿದು ಕುಣಿದ. ಮಧು ಕೈಯಲ್ಲಿದ್ದ ಬಡಿಗೆ ಬೀಸಿದ. ಏಟು ಕಿವಿಯ ಮೇಲೆ ಬಿತ್ತು. ಹರಿದ ಹಾರವನ್ನು ಹಿಡಿದುಕೊಂಡೇ ವಿಜಯಮಹಾಂತೇಶ ಬೋರಲು ಬಿದ್ದ. ಮೂಗಿನಿಂದ ರಕ್ತ ಬಂತು, ಆಮೇಲೆ ಕಿವಿಯಿಂದಲೂ ಬಂತು. ಎತ್ತಿಕೊಂಡು ಓಣಿ ದಾಟುವುದರೊಳಗೆ ಉಸಿರು ನಿಂತಿತ್ತು.

‘ಹೋರಿ ಗುಮ್ಮಿತು ಅನ್ರಿ’ ಎಂದ ಊರ ಹಿರಿಯ ನಿಜಲಿಂಗಪ್ಪ. ‘ಠಾಣೆ, ಕೋರ್ಟು ಅಂದ್ರ ಎರಡೂ ಮನಿ ಹಾಳಾಗ್ತಾವು. ಅಣ್ಣ-ತಂಗಿ ಮನಿ ಅವು.’ ಊರು ಆ ಮಾತನ್ನು ಒಪ್ಪಿಕೊಂಡಿತು. ಹೆತ್ತ ಗದಿಗೆವ್ವ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಗಂಡ ಸತ್ತು ಹನ್ನೆರಡು ವರ್ಷವಾಗಿದ್ದ ಹೆಂಗಸು ಅವಳು. ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕಿವಿಯ ರಕ್ತ ಒರೆಸುತ್ತ ಕೂತಿದ್ದಳು.

ಮಧು ಬೈಕ್ ಹತ್ತಿ ಬ್ಯಾಡಗಿಗೆ ಓಡಿ ಬಂದು, ಅಪ್ಪನ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ಹಿಂದೆ ಅವಿತುಕೊಂಡ. ಪ್ರಭುಲಿಂಗಪ್ಪ ಅವನನ್ನು ಕೂದಲು ಹಿಡಿದು ಹೊರಗೆಳೆದ. ಕೈಗೆ ಸಿಕ್ಕ ಹಗ್ಗವನ್ನು ಮಡಿಸಿ ಬಾರಿಸಿದ. ಬೆನ್ನ ಮೇಲೆ, ತೊಡೆಯ ಮೇಲೆ, ಎಲ್ಲಿ ಬಿತ್ತೆಂದು ನೋಡದೆ ಬಾರಿಸಿದ. ಸಿಡಿದ ಮೆಣಸಿನಕಾಯಿಯ ಘಾಟಿಗೆ ಹೊಡೆಯುವವನೂ ಕೆಮ್ಮಿದ, ಹೊಡೆಸಿಕೊಳ್ಳುವವನೂ ಕೆಮ್ಮಿದ. ಕೈ ಸೋತ ಮೇಲೆ ಅದೇ ಮಗನನ್ನು ಅಪ್ಪಿಕೊಂಡು ಹೋ ಎಂದು ಅತ್ತ. ಸತ್ತವನು ಅವನ ಕೈಯಲ್ಲೇ ಬೆಳೆದವನು. ತಂಗಿಯ ಇಬ್ಬರು ಮಕ್ಕಳ ಶಾಲೆ, ಬಟ್ಟೆ, ಜ್ವರ, ಎಲ್ಲವನ್ನೂ ನೋಡಿಕೊಂಡವನು ಅವನೇ.

ಅಷ್ಟರಲ್ಲಿ ಫೋನು ಬಂತು. ಗದಿಗೆವ್ವನ ಹಿರಿಮಗ ವೀರೇಂದ್ರ, ಗುವಾಹಟಿಯಲ್ಲಿ ಮಿಲಿಟರಿ ಸಿಪಾಯಿ. ನಡೆದದ್ದನ್ನು ಗೆಳೆಯರು ಒಂದನ್ನೂ ಬಿಡದೆ ಅವನ ಕಿವಿಗೆ ಹಾಕಿದ್ದರು.

‘ಮಾವಾ, ನಿನ್ನ ಮಗನ್ನ ಎಲ್ಲಿ ಬೇಕಾದ್ರೂ ಮುಚ್ಚಿಡು. ನಾ ಬಂದ ದಿವಸ ಅವನ ತಲಿ ಒಡೀತೇನಿ. ನೀ ಅಡ್ಡ ಬಂದ್ರ ನಿನ್ನೂ ಬಿಡೂದಿಲ್ಲ.’

ಫೋನು ಕಟ್ಟಾಯಿತು. ಆ ಹುಡುಗ ಬಾಯಿ ಬಡಾಯಿಯವನಲ್ಲ. ಎಂಟನೇ ಇಯತ್ತೆ ಓದುವಾಗ ತಮ್ಮನನ್ನು ಹೊಡೆದ ದೊಡ್ಡ ಹುಡುಗನೊಬ್ಬನ ಬೆರಳು ಕಚ್ಚಿ, ಮೂಳೆ ಮುರಿಯುವ ತನಕ ಬಾಯಿ ಬಿಟ್ಟಿರಲಿಲ್ಲ. ಅವನು ಬರುವುದರೊಳಗೆ ಮಧುವನ್ನು ಪಾರು ಮಾಡಬೇಕು. ಆ ಗಳಿಗೆಯಿಂದ ಪ್ರಭುಲಿಂಗಪ್ಪನ ತಲೆಯಲ್ಲಿ ಬೇರೆ ವಿಚಾರ ಉಳಿಯಲಿಲ್ಲ.

ದಾರಿಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಮೂವತ್ತು ವರ್ಷ ಲಾರಿ ತುಂಬಿಸಿ ಕಳಿಸಿದವನಿಗೆ ದೇಶವೆಲ್ಲ ಲಾರಿಯ ದಿನಗಳಲ್ಲೇ ಗೊತ್ತು. ಇಂದೋರ್ ಎಂದರೆ ಎರಡು ದಿನ, ಕಾನಪುರ ಎಂದರೆ ನಾಲ್ಕು. ಗುವಾಹಟಿಗೆ ಹೋದ ಲಾರಿಯನ್ನು ವಾರದ ಮಟ್ಟಿಗೆ ಮರೆತುಬಿಡಬೇಕು. ಭೂಪಟ ತೋರಿಸಿದರೆ ತಲೆಕೆಳಗೆ ಹಿಡಿಯುತ್ತಿದ್ದನೇನೋ, ಆದರೆ ಸರಕು ಯಾವ ದಿನ ಮುಟ್ಟುತ್ತದೆಂದು ಕೇಳಿದರೆ ಹೇಳಿದ ದಿನ ಮುಟ್ಟುತ್ತಿತ್ತು. ಆ ಜಂಬ ಅವನಿಗೆ ಚೆನ್ನಾಗಿಯೇ ಇತ್ತು.

ಲಾರಿ ಮಾಲೀಕ ಮಕ್ತುಮಸಾಬ ಹಳೆಯ ಗೆಳೆಯ. ಶನಿವಾರ ಸಂಜೆ ಇಂದೋರಿಗೆ ಹೊರಡುವ ಅವನ ಲಾರಿಯಲ್ಲಿ ಮಧುವನ್ನು ಕೂರಿಸುವುದೆಂದು ಇಬ್ಬರೂ ಮಾತಾಡಿಕೊಂಡರು.

‘ಅಂವ ವಿಮಾನಕ್ಕ ಬಂದ್ರ?’ ಎಂದ ಮಕ್ತುಮಸಾಬ. ‘ನಮ್ಮ ಮಗ ಮುನಾಫ ದುಬೈದಿಂದ ಮುಂಬೈಕ್ಕ ಮೂರು ತಾಸಿನ್ಯಾಗ ಬರ್ತಾನ್ರಿ ಸಾವಕಾರ್ರ. ಮುಂಬೈದಿಂದ ಬ್ಯಾಡಗಿ ಮುಟ್ಟಾಕ ಅದರ ನಾಕು ಪಟ್ಟು ಹಿಡೀತೈತಿ. ಮ್ಯಾಲಿನ ದಾರಿ ಲೆಕ್ಕಾನ ಬ್ಯಾರೆ.’

‘ಮುನಾಫ ದುಬೈದಾಗ ದುಡಿಯಾಂವ. ನಮ್ಮ ಹುಡುಗ ಬರೇ ಸಿಪಾಯಿ. ಸರಕಾರ ಅವಗ ಪುಕ್ಕಟ ರೈಲಿನ ವಾರಂಟ್ ಚೀಟಿ ಕೊಡತೈತಿ, ವಿಮಾನ ಕೊಡತೈತೇನು? ಹೋದ ಸಲ ರಜಾಕ್ಕ ಬಂದಾಗ ಹಾವೇರಿ ಟೇಸನ್ನಿಗೆ ಹೋಗಿ ಇಳಿಸಿಕೊಂಡಾಂವ ನಾನ. ಮೂರು ರಾತ್ರಿ ಹಿಡದಿತ್ತು. ಮಾರಿ ಸುಟ್ಟ ಬದನಿಕಾಯಿ ಆಗಿತ್ತು.’

‘ಈಗಿನ ವಿಮಾನ ಸೋವಿ ಆಗ್ಯಾವರಿ, ರೊಕ್ಕ ಭಾಳ ಹತ್ತೂದಿಲ್ಲ.’

‘ನಿಂದೊಂದು. ವಿಮಾನದಾಗ ಮಂತ್ರಿಗಳು ಬರ್ತಾರ, ಹಲಗೇರಿ ಮಂದಿ ಬರೂದಿಲ್ಲ’ ಎಂದು ಪ್ರಭುಲಿಂಗಪ್ಪ ಮಾತು ಮುಗಿಸಿದ. ಸೋಮವಾರದ ಮೊದಲು ವೀರೇಂದ್ರ ಬರಲಾರ. ಅಷ್ಟರಲ್ಲಿ ಮಧು ಇಂದೋರ್ ಸಮೀಪಿಸಿರುತ್ತಾನೆ. ಆಮೇಲೆ ಅಳಿಯನ ಕಾಲಿಗೆ ಬಿದ್ದಾದರೂ ಸಮಾಧಾನ ಮಾಡಿದರಾಯಿತು.

ಶನಿವಾರ ಮುಂಜಾನೆ ತಂಗಿಯ ಫೋನು ಬಂತು. ಅತ್ತು ಅತ್ತು ಅವಳ ಗಂಟಲು ಬಿದ್ದುಹೋಗಿತ್ತು.

‘ಅಣ್ಣಾ, ಮಣ್ಣಿಗೆ ಬಾ. ತವರಿನ ಅರಿವಿ ಹೊದಸದ ನನ್ನ ಮಗನ್ನ ಕುಣಿಗೆ ಇಳಸಂಗಿಲ್ಲ. ಮಧೂನ್ನೂ ಕರಕೊಂಡು ಬಾ.’

‘ಮಧೂನ್ನ? ಗದಿಗೆವ್ವಾ, ನಿಮ್ಮೂರ ಹುಡುಗರು ಅವನ್ನ ಜೀವಸಹಿತ ಬಿಟ್ಟಾರೇನು?’

‘ನಾ ಇದ್ದೇನಿ. ಅವನ ಕೈಲಿ ಹೆಣದ ಕಾಲು ಹಿಡಸ್ತೇನಿ, ಮಣ್ಣು ಹಾಕಸ್ತೇನಿ. ಮಣ್ಣು ಹಾಕಿದ ಮ್ಯಾಲ ಹಗಿ ಉಳಿಯೂದಿಲ್ಲಣ್ಣಾ. ಇಲ್ಲಂದ್ರ ಇದು ಮೊಮ್ಮಕ್ಕಳ ತನಕಾ ಹೊಕ್ಕೈತಿ.’

‘ವೀರೇಂದ್ರ ಎಲ್ಲಿ ಅದಾನ?’

‘ಹೊಂಟಾನಂತ’ ಎಂದಷ್ಟೇ ಹೇಳಿದಳು ಗದಿಗೆವ್ವ.

ಹೊರಟಿದ್ದರೆ ಈಗ ಬಂಗಾಳವನ್ನೂ ದಾಟಿರಲಿಕ್ಕಿಲ್ಲ ಎಂದು ಅಣ್ಣ ತನ್ನಷ್ಟಕ್ಕೆ ಲೆಕ್ಕ ಹಾಕಿದ. ತಂಗಿ ಹೇಳಿದ್ದೂ ಅವನಿಗೆ ಸರಿಯೆನಿಸಿತು. ಸಾವಿನ ಮನೆಗೆ ತವರಿನಿಂದ ಬಟ್ಟೆ ಹೋಗದಿದ್ದರೆ ಸಂಬಂಧ ಕಡಿದಂತೆ. ಮಧುವೂ ಮಣ್ಣು ಹಾಕಿ ಬಂದರೆ ನಾಳೆ ವೀರೇಂದ್ರನಿಗೆ ತಾಯಿಯೇ ಬುದ್ಧಿ ಹೇಳುತ್ತಾಳೆ. ಅವನು ಹೊಸ ಬಟ್ಟೆ ಕೊಂಡ, ಮಗನನ್ನು ಜೀಪಿನಲ್ಲಿ ಹತ್ತಿಸಿಕೊಂಡ.

ಹಲಗೇರಿಯ ಅಗಸಿ ಬಾಗಿಲಲ್ಲೇ ಜೀಪಿಗೆ ಕಲ್ಲು ಬಿತ್ತು. ಗಾಜು ಒಡೆದು ಪ್ರಭುಲಿಂಗಪ್ಪನ ಹುಬ್ಬು ಸೀಳಿತು. ವಿಜಯಮಹಾಂತೇಶನ ಗೆಳೆಯರು ಬಾಗಿಲು ಕಿತ್ತು ಮಧುವನ್ನು ಕೆಳಗೆಳೆದರು. ನಿನ್ನೆ ಕೆಣಕಿದವರೂ ಅವರೇ, ಇವತ್ತು ಎಲ್ಲರಿಗಿಂತ ಜೋರಾಗಿ ಒದೆಯುತ್ತಿದ್ದವರೂ ಅವರೇ. ಒಬ್ಬ ಹೊಟ್ಟೆಗೆ ಒದ್ದ, ಇನ್ನೊಬ್ಬ ಚಪ್ಪಲಿ ಕಾಲಿನಿಂದ ಮುಖ ತುಳಿದ. ಮಧುವಿನ ಮುಂದಿನ ಹಲ್ಲೆರಡು ಮಣ್ಣಿಗೆ ಬಿದ್ದವು. ಪ್ರಭುಲಿಂಗಪ್ಪ ಮಗನ ಮೇಲೆ ಬೋರಲು ಬಿದ್ದು ತಾನೂ ತಿಂದ. ಮಗ ಸತ್ತೇಹೋದ ಎಂದುಕೊಳ್ಳುವಷ್ಟರಲ್ಲಿ ಗದಿಗೆವ್ವನ ಚೀರಾಟ ಕೇಳಿತು.

‘ಬಿಡ್ರಿ! ಬಿಡ್ರೋ ನಿಮ್ಮ ಕೈ ಸೇದಿಹೋಗ! ಹೆತ್ತಾಕಿ ನಾನೋ, ನೀವೋ?’

ಅವಳು ಗುಂಪಿನೊಳಗೆ ನುಗ್ಗಿ, ಮಧುವಿನ ಮೇಲೆ ಸೆರಗು ಹೊದಿಸಿ, ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ನಡೆಸಿಕೊಂಡು ಹೋದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಹಣೆಗೆ ವಿಭೂತಿ ಬಳಿದಿದ್ದರು. ಪಕ್ಕದಲ್ಲಿ ಭಜನೆ ನಡೆದಿತ್ತು. ‘ಹಿಡಿ ಕಾಲು’ ಎಂದಳು. ಮಧು ತಣ್ಣಗಿನ ಆ ಪಾದ ಹಿಡಿದು ಗೋಳೋ ಎಂದು ಅತ್ತ. ಗದಿಗೆವ್ವ ಅವನ ಬೆನ್ನಿಗೆ ಎರಡು ಗುದ್ದು ಗುದ್ದಿ, ಆಮೇಲೆ ಅದೇ ಬೆನ್ನ ಮೇಲೆ ತಲೆಯಿಟ್ಟು ಅತ್ತಳು. ತಂಗಿಯ ಮನಸ್ಸಿನಲ್ಲಿ ಕಪಟವಿಲ್ಲ ಎಂದು ಪ್ರಭುಲಿಂಗಪ್ಪನಿಗೆ ಅಲ್ಲಿಗೆ ಖಾತ್ರಿಯಾಯಿತು.

ಆದರೆ ಹೆಣ ಎತ್ತಲು ಅವಳು ಬಿಡಲೊಲ್ಲಳು. ಗುತ್ತಲದ ಮುದುಕವ್ವ ಬರಲಿ, ಅವಳು ಹುಡುಗನನ್ನು ಎತ್ತಿ ಆಡಿಸಿದವಳು ಎಂದಳು. ಮುದುಕವ್ವ ಬಸ್ಸಿಳಿದು ಬಂದಳು. ಹಾಗಾದರೆ ಹೂವು ಸಾಲದು, ರಾಣೆಬೆನ್ನೂರಿನಿಂದ ಇನ್ನಷ್ಟು ತರಿಸಿ ಎಂದಳು. ಹೂವು ಬಂತು. ಮಣ್ಣಿನ ಶಾಸ್ತ್ರಕ್ಕೆ ಬಂದ ಅಯ್ಯನವರು ಹೊತ್ತು ನೋಡಿದರು, ಕುಣಿ ತೋಡಿದವರು ಬೀಡಿ ಸೇದಿ ಸೇದಿ ಬೇಸತ್ತರು. ಗದಿಗೆವ್ವ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಸಲ ಹಿತ್ತಲಿಗೆ ಹೋಗಿ ಬಂದಳು. ಹೆತ್ತ ಸಂಕಟಕ್ಕೆ ಮಗನನ್ನು ಬಿಡಲಾರಳು ಎಂದುಕೊಂಡ ಪ್ರಭುಲಿಂಗಪ್ಪ. ಅವನಿಗೆ ಚಡಪಡಿಕೆ. ಇಂದೋರಿನ ಲಾರಿ ಸಂಜೆಗೆ ಹೊರಡುತ್ತದೆ. ಅಗಸಿಯ ಹುಡುಗರು ಇನ್ನೂ ಹಲ್ಲು ಕಡಿಯುತ್ತ ಅಲ್ಲೇ ನಿಂತಿದ್ದಾರೆ.

ಕೊನೆಗೆ ನಿಜಲಿಂಗಪ್ಪನೇ ಗದರಿದ. ‘ಹೊತ್ತು ಮುಣಗಾಕ ಬಂತು ತಂಗೀ. ಇನ್ನ ಯಾರ ಸಲುವಾಗಿ ತಡೀಬೇಕು?’ ಗದಿಗೆವ್ವ ಬಾಯಿ ತೆರೆದಳು, ಅಣ್ಣನ ಮುಖ ನೋಡಿದಳು, ಮತ್ತೆ ಮುಚ್ಚಿಕೊಂಡಳು. ಹೆಣ ಹೊರಟಿತು.

ಕುಣಿ ಅವರ ಹೊಲದಲ್ಲೇ, ಡಾಂಬರು ರಸ್ತೆಯ ಮಗ್ಗುಲಿಗೆ. ಗೋವಿನಜೋಳ ಮುರಿದ ಹೊಲ, ಕಾಲಿಟ್ಟಲ್ಲೆಲ್ಲ ಕೂಳೆ ಚುಚ್ಚುತ್ತಿತ್ತು. ಹೆಂಗಸರು ದೂರದ ಬದುವಿನ ಹತ್ತಿರ ನಿಂತರು. ಕುಣಿ ತೋಡಿದವರು ಹಾರೆ, ಸಲಿಕೆಗಳನ್ನು ಮಣ್ಣಿನ ಗುಡ್ಡೆಗೆ ಒರಗಿಸಿದ್ದರು. ಪ್ರಭುಲಿಂಗಪ್ಪ ಬೇಕೆಂದೇ ಅವುಗಳ ಪಕ್ಕದಲ್ಲಿ ನಿಂತ. ಹಲಗೇರಿಯ ಹುಡುಗರು ಮತ್ತೆ ಮೈಮೇಲೆ ಬಂದರೆ ಈ ಸಲ ಸುಮ್ಮನೆ ತಿನ್ನುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಹೆಣವನ್ನು ಕುಣಿಯಲ್ಲಿ ಕೂರಿಸಿದರು. ತವರಿನ ಬಟ್ಟೆ ಹೊದಿಸಿದರು. ಅಯ್ಯನವರು ಬಿಲ್ವಪತ್ರಿ ಹಾಕಿ, ‘ಮಧು, ನೀ ಮೊದಲು ಹಾಕಪ್ಪ’ ಎಂದರು. ಮಧು ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ಅಂಚಿನಲ್ಲಿ ನಿಂತ.

ಆಗ ರಸ್ತೆಯಲ್ಲಿ ಬಿಳಿ ಕಾರೊಂದು ಬ್ರೇಕು ಕಿರುಚಿಸಿ ನಿಂತಿತು. ಬಾಗಿಲು ತೆರೆದು ಒಬ್ಬ ಹಾರಿದ. ಮಿಲಿಟರಿ ಪ್ಯಾಂಟು, ಕತ್ತರಿಸಿದ ಕೂದಲು. ಹೊಲಕ್ಕೆ ಅಡ್ಡ ಬಿದ್ದು, ಕೂಳೆಯನ್ನು ಲೆಕ್ಕಿಸದೆ ಕುಣಿಯ ಕಡೆಗೆ ಓಡಿ ಬಂದ. ಏನೋ ಕೂಗುತ್ತಿದ್ದ. ಬಡಿಯುತ್ತಿದ್ದ ಹಲಗೆ ವಾದ್ಯದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಪ್ರಭುಲಿಂಗಪ್ಪ ಮೊದಲು ನಂಬಲಿಲ್ಲ. ಇವನು ಈಗ ಎಲ್ಲೋ ಬಿಹಾರದಲ್ಲಿ, ರೈಲಿನ ಕಿಟಕಿಯ ಹತ್ತಿರ ಕೂತಿರಬೇಕಾದವನು. ಹೇಗೆ ಬಂದ? ದೆವ್ವ ಬಂದಂತೆ ಹೇಗೆ ಬಂದ? ಮೂವತ್ತು ವರ್ಷದ ಲೆಕ್ಕವೆಲ್ಲ ತಲೆಯೊಳಗೆ ಕುಸಿದುಬಿತ್ತು. ಉಳಿದದ್ದು ಒಂದೇ ಮಾತು: ನಾ ಬಂದ ದಿವಸ ಅವನ ತಲಿ ಒಡೀತೇನಿ. ವೀರೇಂದ್ರ ನೇರವಾಗಿ ಮಧುವಿನ ಕಡೆಗೇ ಬಂದ. ಕಣ್ಣು ಕೆಂಪಗಿದ್ದವು. ಬಂದವನೇ ಮಧುವಿನ ಕೊರಳಪಟ್ಟಿಗೆ ಕೈ ಹಾಕಿ ಪಕ್ಕಕ್ಕೆ ಎಳೆದ.

ಪ್ರಭುಲಿಂಗಪ್ಪನ ಕೈಗೆ ಹಾರೆ ಬಂದಿತ್ತು. ಎರಡೂ ಕೈಯಲ್ಲಿ ಎತ್ತಿ ಹಿಂದಿನಿಂದ ಬೀಸಿದ. ತೆಂಗಿನಕಾಯಿ ಒಡೆದ ಸದ್ದಾಯಿತು. ವೀರೇಂದ್ರ ತಿರುಗಿ ನೋಡಿದ. ನೋವಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ಆಶ್ಚರ್ಯವಿತ್ತು.

‘ಮಾವಾ... ತಮ್ಮನ ಮಾರಿ ನೋಡಾಕ ಬಂದಿದ್ನ್ಯೋ’ ಎಂದ.

ಅಷ್ಟು ಹೇಳಿ ಮೊಣಕಾಲೂರಿದ. ಆಮೇಲೆ ಕುಣಿಯ ಅಂಚಿನ ಸಡಿಲ ಮಣ್ಣಿನ ಮೇಲೆ ಮುಖ ಕೆಳಗಾಗಿ ಬಿದ್ದ. ತಲೆಯಿಂದ ಬಂದ ರಕ್ತ ಕೆಳಗೆ ಕೂತಿದ್ದ ತಮ್ಮನ ಹೊಸ ಬಟ್ಟೆಯ ಮೇಲೆ ತೊಟ್ಟಿಕ್ಕಿತು.

ಹಲಗೆ ನಿಂತಿತು. ಮರುಕ್ಷಣ ಊರಿಗೆ ಊರೇ ನುಗ್ಗಿತು. ಯಾರೋ ಪ್ರಭುಲಿಂಗಪ್ಪನ ಕೈಯಿಂದ ಹಾರೆ ಕಿತ್ತು ಅದರ ಮೊಂಡು ತುದಿಯಿಂದ ಅವನ ಪಕ್ಕೆಗೇ ತಿವಿದರು. ಯಾರೋ ಮಧುವನ್ನು ಕಲ್ಲಿನಿಂದ ಜಜ್ಜಲು ಹೋದರು. ನಿಜಲಿಂಗಪ್ಪ ಇಬ್ಬರು ಆಳುಗಳ ಜೊತೆ ಅವನನ್ನು ಪಂಪಿನ ಮನೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. ಯಾವ ಮಗನಿಗಾಗಿ ಹಾರೆ ಎತ್ತಿದನೋ ಆ ಮಗ ಉಳಿದನೋ ಸತ್ತನೋ ಎಂದು ಪ್ರಭುಲಿಂಗಪ್ಪ ತಿರುಗಿಯೂ ನೋಡಲಿಲ್ಲ. ರುಮಾಲು ಬಿಚ್ಚಿ ಅಳಿಯನ ತಲೆಗೆ ಒತ್ತಿಹಿಡಿದು ‘ಗಾಡಿ ತರ್ರೋ, ಗಾಡಿ’ ಎಂದು ಬಡಕೊಳ್ಳುತ್ತಿದ್ದ. ಹೊಡೆದವನೇ ಒದ್ದಾಡುವುದನ್ನು ಕಂಡು ಜನಕ್ಕೂ ಏನು ಮಾಡಬೇಕೆಂದು ತೋಚಲಿಲ್ಲ. ಗಾಯಗೊಂಡವನನ್ನು ಅದೇ ಬಿಳಿ ಕಾರಿಗೆ ಎತ್ತಿ ಹಾಕಿದರು. ರುಮಾಲು ಒತ್ತಿದ ಕೈ ಬಿಡದೆ ಪ್ರಭುಲಿಂಗಪ್ಪನೂ ಹತ್ತಿದ. ಬದುವಿನಿಂದ ಬರಿಗಾಲಲ್ಲಿ ಓಡಿ ಬಂದ ಗದಿಗೆವ್ವ ಇನ್ನೊಂದು ಬಾಗಿಲಿನಿಂದ ಹತ್ತಿದಳು.

ಹಲಗೇರಿಯಿಂದ ರಾಣೆಬೆನ್ನೂರಿನ ಆಸ್ಪತ್ರೆ ಅರ್ಧ ತಾಸೂ ಇಲ್ಲದ ದಾರಿ. ಮಗನ ಕಾಲು ತಾಯಿಯ ತೊಡೆಯ ಮೇಲೆ, ತಲೆ ಮಾವನ ತೊಡೆಯ ಮೇಲೆ. ಕಾರಿನವನು ಬೆಂಗಳೂರಿನ ಚಾಲಕ. ರಸ್ತೆಯಲ್ಲೇ ಗಾಡಿ ತಿರುಗಿಸುತ್ತಿದ್ದ ಅವನು ಹೊಡೆದದ್ದನ್ನು ನೋಡಿರಲಿಲ್ಲ. ಹೆದರಿಕೆಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ.

‘ಬೆಳಿಗ್ಗೆ ಗುವಾಹಟೀಲಿ ವಿಮಾನ ಹತ್ತಿದ್ರಂತಮ್ಮಾ. ಕಲ್ಕತ್ತಾದಲ್ಲಿ ಇನ್ನೊಂದು ವಿಮಾನ ಹತ್ತಿ ಮಧ್ಯಾಹ್ನಕ್ಕೆಲ್ಲ ಬೆಂಗಳೂರಲ್ಲಿ ಇಳಿದುಬಿಟ್ರು. ಅವರ ಸಾಹೇಬರೇ ಟಿಕೆಟ್ ಕೊಡಿಸಿದ್ದಂತೆ. ದಾರೀಲಿ ನೀರಿಗೂ ನಿಲ್ಲಿಸೋಕೆ ಬಿಡಲಿಲ್ಲ. ಮಣ್ಣು ಹಾಕೋದ್ರೊಳಗೆ ಮುಟ್ಟಿಸಿ ಸಾಕು, ತಮ್ಮನ ಮುಖ ನೋಡ್ಬೇಕು ಅಂತಿದ್ರು.’

ಪ್ರಭುಲಿಂಗಪ್ಪ ತಂಗಿಯ ಕಡೆ ನೋಡಿದ. ‘ನಿನಗ ಗೊತ್ತಿತ್ತೇನ?’

‘ಗೊತ್ತಿತ್ತು.’

‘ಗದಿಗೆವ್ವಾ!’

‘ವಿಮಾನ ಹತ್ತೂ ಮುಂದ ಫೋನ್ ಹಚ್ಚಿದ್ದ. ಮಧೂನ್ನ ಮುಟ್ಟೂದಿಲ್ಲ ಅಂತ ನನ್ನ ಮ್ಯಾಲ ಆಣಿ ಮಾಡಿಸಿದೆ. ಅಳಕೋತ ಮಾಡಿದ. ಅವರಿಬ್ಬರೂ ಒಂದ ಕುಣಿಗೆ ಮಣ್ಣು ಹಾಕಿದ್ರ ಇದು ಅಲ್ಲಿಗೇ ತೀರತೈತಿ ಅಂದ್ಕೊಂಡಿದ್ನಿ.’

‘ನನಗ ಒಂದು ಮಾತು ಯಾಕ ಹೇಳಲಿಲ್ಲ?’

‘ವೀರೇಂದ್ರ ಬರಾಕತ್ತಾನ ಅಂದಿದ್ರ ನೀ ಮಧೂನ್ನ ಕರಕೊಂಡು ಬರ್ತಿದ್ದೇನು?’

ಬರುತ್ತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಅವನು ತಲೆ ತಗ್ಗಿಸಿ ರುಮಾಲನ್ನು ಇನ್ನಷ್ಟು ಒತ್ತಿಹಿಡಿದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಲೇ ಇತ್ತು. ವೀರೇಂದ್ರನ ಎದೆ ಒಮ್ಮೆ ಮೇಲೆದ್ದಿತು, ದೊಡ್ಡ ಉಸಿರೊಂದು ಹೊರಬಿತ್ತು, ಮತ್ತೆ ಎದೆ ಏಳಲಿಲ್ಲ. ದೇಶದ ಆ ಮೂಲೆಯಿಂದ ಒಂದೇ ಹಗಲಿನಲ್ಲಿ ಬಂದ ಹುಡುಗ ರಾಣೆಬೆನ್ನೂರು ಮುಟ್ಟಲಿಲ್ಲ.

ಗದಿಗೆವ್ವ ಅವನ ಪಾದ ಹಿಡಿದು ನೋಡಿದಳು. ಅಂಗಾಲು ಉಜ್ಜಿದಳು, ಇನ್ನೊಮ್ಮೆ ಉಜ್ಜಿದಳು. ಆಮೇಲೆ ಬೂಟಿನ ಲಾಡಿ ಬಿಚ್ಚಿ, ಎರಡೂ ಬೂಟು ತೆಗೆದು ಕೆಳಗಿಟ್ಟಳು. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಚಾಲಕ ಕನ್ನಡಿಯಲ್ಲಿ ನೋಡಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ.

‘ಅಮ್ಮಾ, ಪೊಲೀಸರು ಕೇಳ್ತಾರೆ, ನಾನು ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಇವರನ್ನ ಹೊಡೆದೋರು ಯಾರು?’

‘ನಾನು’ ಎನ್ನುವ ಬದಲು ಪ್ರಭುಲಿಂಗಪ್ಪ ರಕ್ತ ಮೆತ್ತಿದ ಎರಡೂ ಕೈಗಳನ್ನು ಎತ್ತಿ ಅವನಿಗೆ ತೋರಿಸಿದ.

ಚಾಲಕನಿಗೆ ಅರ್ಥವಾಗಲಿಲ್ಲ. ‘ಇವರು ಯಾರಮ್ಮಾ?’ ಎಂದು ಕೇಳಿದ.

‘ನಮ್ಮಣ್ಣ ರೀ’ ಎಂದಳು ಗದಿಗೆವ್ವ. ‘ಇನ್ನ ನನಗಂತ ಉಳದಾಂವ ಇಂವ ಒಬ್ಬನ.’